ಚೀಟಿ ಕಟ್ಟಿದ ಸಾಮಾನು

ಏಪ್ರಿಲ್ ೪

ಪ್ರೀತಿಯ ಕಡ್ಡಿ,

ನಿನಗೆ ಬೇಕಾದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರ ಕೊನೆಯ ಪುಟಕ್ಕೆ ಹಾರುವವಳು. ನಿನ್ನ ಅಣ್ಣ ಆರಾಮಾಗಿದ್ದಾರೆ. ತೊಡೆಮೂಳೆಗೆ ಹಾಕಿದ ರಾಡು ಸರಿಯಾಗಿ ಕೂತಿದೆಯಂತೆ. ಆದರೆ ಇನ್ನೂ ಐದು ವಾರ ಆಸ್ಪತ್ರೆಯ ಮಂಚವೇ ಗತಿ. ಏಣಿಯಿಂದ ಬಿದ್ದು ಎಚ್ಚರವಾದ ಮೇಲೆ ಅವರು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, "ಆ ಫ್ಯಾನ್ ಯಾರಾದ್ರೂ ಕೆಳಗಿಳಿಸಿದ್ರಾ?" ಅಂತ. ಬಿಚ್ಚಲು ಹೋದ ಫ್ಯಾನು ಒಂದೇ ತಿರುಪಿನಲ್ಲಿ ನೇತಾಡುತ್ತಿತ್ತಂತೆ. ತಮ್ಮ ಕಾಲು ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಪರಿವೆಯೇ ಇರಲಿಲ್ಲ.

ಊಟದ ಚಿಂತೆ ನಿನಗೆ ಬೇಡ. ಬೆಳಿಗ್ಗೆ ಬೇಕರಿಯವನು ಬ್ರೆಡ್ಡು, ಹಾಲು ಒಯ್ಯುತ್ತಾನೆ. ಮಧ್ಯಾಹ್ನದ ಊಟ ರಿಟೈರ್ಡ್ ಕಂಡಕ್ಟರ್ ಮನೆಯಿಂದ. ಸಂಜೆಯದು ನನ್ನ ಪಾಳಿ. ಮೂವತ್ತೆರಡು ವರ್ಷ ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸಿದ ಡ್ರಾಯಿಂಗ್ ಟೀಚರ್ ನಾನು. ನಿವೃತ್ತಿಯಾದ ಮೇಲೆ ಇಡೀ ಬೀದಿಯನ್ನೇ ಗೆರೆ ಎಳೆದು ನಿಲ್ಲಿಸಿದ್ದೇನೆ. ನಮ್ಮ ನೆರೆಹೊರೆ ಸಂಘಕ್ಕೆ ನಾನೇ ಕಾರ್ಯದರ್ಶಿ. ನಗು ಬೇಕಾದರೆ.

ಈಗ ವಿಷಯಕ್ಕೆ ಬರುತ್ತೇನೆ. ನಗರಸಭೆಯವರು 'ಮಾದರಿ ಬೀದಿ' ಅಂತ ಸ್ಪರ್ಧೆ ಇಟ್ಟಿದ್ದಾರೆ. ನಮ್ಮದರಲ್ಲಿ ಕಣ್ಣಿಗೆ ಹೊಡೆಯುವುದು ಒಂದೇ, ನಿಮ್ಮ ಮನೆ. ಬೇಜಾರು ಮಾಡಿಕೊಳ್ಳಬೇಡ. ನೀನು ಹುಟ್ಟಿ ಬೆಳೆದ ಮನೆ, ನಿನಗೇ ಗೊತ್ತು. ಮುಂದಿನ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಫ್ಯಾನು, ರೇಡಿಯೋ, ಮಿಕ್ಸಿ, ಗಡಿಯಾರ, ಜಗಲಿಯವರೆಗೂ ರಾಶಿ. ಪಾಪ, ಕೋಲು ಊರಿಕೊಂಡು ಬರುವ ಮನುಷ್ಯ ಅದರ ನಡುವೆ ಹೇಗೆ ನಡೆಯಬೇಕು? ಅವರು ಬರುವಷ್ಟರಲ್ಲಿ ನಾವೆಲ್ಲ ಸೇರಿ ಮನೆ ಖಾಲಿ ಮಾಡಿ, ಸುಣ್ಣ ಬಳಿದು, ಆಶ್ಚರ್ಯಪಡಿಸೋಣ ಅಂತಿದ್ದೇವೆ. ಮನೆಯಲ್ಲಿ ನಿನ್ನ ಪಾಲೂ ಇದೆಯಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಹೂಂ ಅನ್ನುತ್ತೀಯಾ?

ನಿನ್ನ
ಗುಬ್ಬಿ


ಏಪ್ರಿಲ್ ೧೧

ಗುಬ್ಬಿ,

ಹೂಂ. ಸಾವಿರ ಸಲ ಹೂಂ. ಇಲ್ಲಿ ನರ್ಸಿಂಗ್ ಹುಡುಗಿಯರಿಗೆ ಪರೀಕ್ಷೆ ನಡೆಯುತ್ತಿದೆ, ಹಾಸ್ಟೆಲ್ ಬಿಟ್ಟು ವಾರ್ಡನ್ ಅಲುಗುವಂತಿಲ್ಲ. ಇಲ್ಲದಿದ್ದರೆ ನಾನೇ ಬಂದು ಮೊದಲ ಬುಟ್ಟಿ ಹೊರುತ್ತಿದ್ದೆ.

ಮೂವತ್ತೈದು ವರ್ಷದಿಂದ ಅವನಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ನನ್ನನ್ನು ನೋಡಲು ಆ ಗುಮಾಸ್ತನ ಮನೆಯವರು ಬಂದಿದ್ದು ನಿನಗೆ ನೆನಪಿದೆಯಲ್ಲ? ಹುಡುಗನ ಅಮ್ಮ ಕೂರಲು ಜಾಗ ಕಾಣದೆ ಒಂದು ಪೆಟ್ಟಿಗೆಯ ಮೇಲೆ ಕೂತರು. ಅದರೊಳಗಿದ್ದ ಅಲಾರಾಂ ಗಡಿಯಾರ ಆಗಲೇ ಬಾಯಿ ಬಿಡಬೇಕೇ! ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಮತ್ತೆ ಬರಲಿಲ್ಲ.

ಅಲ್ಲಿ ಇಟ್ಟುಕೊಳ್ಳುವಂಥದ್ದು ಒಂದೂ ಇಲ್ಲ. ಆರಿಸುತ್ತಾ ಕೂತರೆ ನಿನಗೆ ವರ್ಷ ಹಿಡಿಯುತ್ತದೆ. ಎಲ್ಲವನ್ನೂ ಹಾಕು. ನಾನು ಒಪ್ಪಿದೆ ಅಂತ ಮಾತ್ರ ಅವನಿಗೆ ಹೇಳಬೇಡ. ನೊಂದುಕೊಳ್ಳುತ್ತಾನೆ. ಬೀದಿಯವರೇ ಸೇರಿ ಮಾಡಿದರು ಅಂದರೆ ಪ್ರೀತಿಯಿಂದ ಮಾಡಿದ್ದಾರೆ ಅಂತ ಸುಮ್ಮನಾಗುತ್ತಾನೆ.

ಕಡ್ಡಿ


ಏಪ್ರಿಲ್ ೨೮

ಪ್ರೀತಿಯ ಕಡ್ಡಿ,

ಪತ್ರಿಕೆಯ ತುಂಡು ಜೊತೆಗಿಟ್ಟಿದ್ದೇನೆ. ನಡುವೆ ಪೊರಕೆ ಹಿಡಿದು ನಿಂತಿರುವ ಕುಳ್ಳಿ ನಾನೇ. ಪೊರಕೆ ನನಗಿಂತ ಉದ್ದ ಕಾಣುತ್ತದೆ ಅಂತ ಕಂಡಕ್ಟರ್ ಆಡಿಕೊಂಡಿದ್ದೂ ಆಯಿತು.

ನೀನು ಇರಬೇಕಿತ್ತು. ಒಂದು ದಿನವೂ ಪರಸ್ಪರ ಮುಖ ನೋಡದವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಾನು ದಾಟಿಸಿದರು. ಮೂಲೆಮನೆಯ ಅತ್ತೆ ಸೊಂಟನೋವು ಮರೆತು ಎರಡು ಫ್ಯಾನು ಹೊತ್ತರು. ನಗರಸಭೆಯ ಲಾರಿ ಎರಡು ಸಲ ತುಂಬಿ ಹೋಯಿತು. ಹನ್ನೊಂದಕ್ಕೆ ಲಾರಿ ಹೊರಡಬೇಕು, ಅಷ್ಟರಲ್ಲಿ ಫೋಟೋದವನು ಖಾಲಿ ಕೋಣೆ ತೆಗೆಯಬೇಕು, ಒಂದೊಂದನ್ನೂ ನೋಡುತ್ತಾ ಕೂರಲು ಯಾರಿಗೆ ಪುರಸೊತ್ತಿತ್ತು? ಮಧ್ಯಾಹ್ನ ಬೇಕರಿಯವನು ಎಲ್ಲರಿಗೂ ಬನ್ನು ಕೊಟ್ಟ. ನಿಮ್ಮ ಜಗಲಿಯ ಮೇಲೆ ಹದಿನೇಳು ಜನ ಕಾಲು ಇಳಿಬಿಟ್ಟು ಕೂತಿದ್ದೆವು. ಬೀದಿ ಅಂದರೆ ಇದೇ ಅಲ್ಲವೇ ಅನ್ನಿಸಿತು.

ಈಗ ಗೋಡೆಗೆ ತಿಳಿ ಹಳದಿ ಬಣ್ಣ. ಕಿಟಕಿ ತೆರೆದರೆ ನೆಲದ ಮೇಲೆ ಬಿಸಿಲು ಬೀಳುತ್ತದೆ. ಆ ನೆಲದ ಬಣ್ಣ ಕೆಂಪು ಅಂತ ನನಗೆ ಈಗ ಗೊತ್ತಾಯಿತು.

ಅಣ್ಣ ಮೇ ಒಂಬತ್ತಕ್ಕೆ ಬರುತ್ತಾರೆ.

ಗುಬ್ಬಿ


ಮೇ ೫

ನನ್ನ ಗುಬ್ಬಿ,

ಫೋಟೋವನ್ನು ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದೇನೆ. ಪಕ್ಕದ ಕೋಣೆಯವಳಿಗೆ ಜ್ವರ ಬಂದರೂ ಬಾಗಿಲು ತಟ್ಟದ ಹುಡುಗಿಯರು ಇವರು, ನೋಡಿ ಕಲಿಯಲಿ.

ಅಣ್ಣ ಒಳಗೆ ಕಾಲಿಟ್ಟಾಗ ಏನಂದ, ಹೇಗೆ ನೋಡಿದ, ಒಂದನ್ನೂ ಬಿಡದೆ ಬರೆಯಬೇಕು. ಅವನು ಅಳುತ್ತಾನೆ ಅಂತ ನನ್ನ ಲೆಕ್ಕ. ನಿನ್ನ ಋಣ ಹೇಗೆ ತೀರಿಸಲಿ?

ಕಡ್ಡಿ


ಮೇ ೩೧

ಗುಬ್ಬಿ,

ಎಲ್ಲಿ ಹೋದೆ? ಮೂರು ವಾರವಾಯಿತು. ಇಷ್ಟು ದಿನ ಕಾಗದ ಗೀಚದೆ ಇರುವವಳಲ್ಲ ನೀನು.

ಅಣ್ಣನಿಂದ ಒಂದು ಕಾರ್ಡು ಬಂದಿದೆ. 'ಮನೆ ಸ್ವಚ್ಛವಾಗಿದೆ. ಕಾಲು ಪರವಾಗಿಲ್ಲ.' ಅಷ್ಟೇ. ಅವನು ಖುಷಿಯಾಗಿದ್ದಾನೋ ಇಲ್ಲವೋ ಆ ಅಕ್ಷರದಲ್ಲಿ ಗೊತ್ತಾಗುವುದಿಲ್ಲ. ನೀನೇ ಹೇಳು.

ಕಡ್ಡಿ


ಜೂನ್ ೬

ಕಡ್ಡಿ,

ತಡವಾಯಿತು, ಕ್ಷಮಿಸು. ಸಂಘದ ಕೆಲಸ. ನಮಗೇ ಮೊದಲ ಬಹುಮಾನ ಬಂತು. ಒಂದು ಹಿತ್ತಾಳೆ ಫಲಕ ಕೊಟ್ಟಿದ್ದಾರೆ, ಎಲ್ಲಿ ಹಾಕಬೇಕು ಅಂತ ಚರ್ಚೆ ನಡೆದಿದೆ.

ಅಣ್ಣ ಚೆನ್ನಾಗಿದ್ದಾರೆ. ಕೋಲು ಹಿಡಿದು ನಡೆಯುತ್ತಾರೆ. ಗೋಡೆಯ ಬಣ್ಣ ಹಿಡಿಸಿತು ಅಂದರು. ಈಚೆಗೆ ಹೆಚ್ಚು ಸಿಕ್ಕಿಲ್ಲ.

ಗುಬ್ಬಿ


ಜೂನ್ ೧೯

ಗುಬ್ಬಿ,

ಇವತ್ತು ಒಂದು ಕಾಗದ ಬಂತು. ಕೆಳಗಿನ ಬೀದಿಯ ದರ್ಜಿ ಬರೆದಿದ್ದಾನೆ. ಪ್ರತಿವರ್ಷ ನನ್ನ ಸಮವಸ್ತ್ರ ಹೊಲಿದು ಪಾರ್ಸೆಲ್ ಕಳಿಸುವವನು, ಅದಕ್ಕೆ ವಿಳಾಸ ಗೊತ್ತು. ಹೊಲಿಗೆ ಯಂತ್ರದ ಮೋಟರನ್ನು ಅಣ್ಣನಿಗೆ ರಿಪೇರಿಗೆ ಕೊಟ್ಟಿದ್ದನಂತೆ. ಅಣ್ಣ ಈಗ ಕಳೆದುಹೋಯಿತು ಅನ್ನುತ್ತಾನಂತೆ. 'ಮಾರಿಕೊಂಡಿದ್ದರೆ ಮಾರಿಕೊಂಡೆ ಎನ್ನಲಿ. ತಂಗಿಯಾದ ನೀವಾದರೂ ನಿಜ ಹೇಳಿಸಿ' ಅಂತ ಬರೆದಿದ್ದಾನೆ. ಅವನೊಬ್ಬನೇ ಅಲ್ಲ, ಇನ್ನೂ ಏಳೆಂಟು ಜನರ ಸಾಮಾನು ಹಾಗೇ ಹೋಗಿದೆಯಂತೆ. ಜನ ಅಣ್ಣನನ್ನು ಕಂಡರೆ ದಾರಿ ಬದಲಿಸುತ್ತಾರಂತೆ.

ನನ್ನ ಅಣ್ಣ ಕಳ್ಳನೇ? ಬೇರೆಯವರ ಮನೆಯ ತಿರುಪೊಂದು ಜೇಬಿನಲ್ಲಿ ಉಳಿದರೆ ಮೈಲಿ ನಡೆದು ಕೊಟ್ಟು ಬರುವವನು.

ಅವತ್ತು ಲಾರಿಗೆ ಹೋದದ್ದರಲ್ಲಿ ಆ ಮೋಟರ್ ಇತ್ತೇ? ನೀವು ನೋಡಿ ಎಸೆಯಬಾರದಿತ್ತೇ? ಹದಿನೇಳು ಜನರಲ್ಲಿ ಒಬ್ಬರಿಗೂ ಕಣ್ಣಿರಲಿಲ್ಲವೇ? 'ಅಣ್ಣ ಚೆನ್ನಾಗಿದ್ದಾರೆ' ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?


ಜೂನ್ ೨೭

ಕಡ್ಡಿ,

ನಿನ್ನ ಅಣ್ಣ ಏನನ್ನೂ ಮಾರಿಲ್ಲ, ಕಳೆದೂ ಇಲ್ಲ. ಮೋಟರನ್ನು ಎಸೆದವಳು ನಾನು. ನೋಡಿಯೇ ಎಸೆದೆ.

ಅವತ್ತು ನಡೆದದ್ದನ್ನು ನಿನಗೆ ಅರ್ಧ ಮಾತ್ರ ಬರೆದಿದ್ದೆ. ಬೇಕರಿಯವನು ಒಂದು ಮೋಟರ್ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅದಕ್ಕೆ ತಂತಿಯಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. "ಟೀಚರ್, ಇದು ದರ್ಜಿದು ಅಂತ ಬರ್ದಿದೆ. ರಿಪೇರಿಗೆ ಕೊಟ್ಟಿರ್ಬೇಕು. ಪಕ್ಕಕ್ಕಿಡ್ಲಾ?" ಅಂದ. ನಾನು ಇಸಿದುಕೊಂಡು ಓದಿದೆ. ಅಣ್ಣನ ಕೋಳಿಕಾಲಿನ ಅಕ್ಷರ. 'ದರ್ಜಿ. ಮೋಟರ್. ಕಾರ್ಬನ್ ಬ್ರಷ್ ಬದಲಿಸಬೇಕು. ಅವಸರವಿದೆ.' ಅವನ ಹಿಂದೆ ಕಂಡಕ್ಟರ್ ಕೈಯಲ್ಲಿ ಒಂದು ರೇಡಿಯೋ, ಅದಕ್ಕೂ ಚೀಟಿ. ಕಣ್ಣೆತ್ತಿ ಕೋಣೆ ನೋಡಿದರೆ ಮುಕ್ಕಾಲು ಪಾಲು ಸಾಮಾನಿಗೆ ಚೀಟಿ ತೂಗಾಡುತ್ತಿದೆ. ಅವನ್ನೆಲ್ಲ ಪಕ್ಕಕ್ಕಿಟ್ಟರೆ ಕೋಣೆ ಖಾಲಿಯಾಗುವುದೇ ಇಲ್ಲ. ಲಾರಿಯವನು ಹಾರನ್ ಒತ್ತುತ್ತಿದ್ದ. ಫೋಟೋದವನು ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ನಾನು ಅಂದೆ, "ಅಯ್ಯೋ, ಎಲ್ಲ ಹತ್ತು ವರ್ಷದ ಹಳೇ ಚೀಟಿ ಕಣಪ್ಪಾ. ಹಾಕಿ, ಹಾಕಿ."

ಟೀಚರ್ ಹೇಳಿದ ಮೇಲೆ ಇನ್ನೇನು? ಹಾಕಿದರು.

ಅಣ್ಣ ಬಂದ ದಿನ ನಾವೆಲ್ಲ ಬಾಗಿಲ ಹತ್ತಿರ ಹಲ್ಲು ಕಿರಿದುಕೊಂಡು ನಿಂತಿದ್ದೆವು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಕಂಡಕ್ಟರ್ ಹೆಗಲ ಮೇಲೆ. ಹೊಸ್ತಿಲಲ್ಲಿ ನಿಂತು ತುಂಬ ಹೊತ್ತು ನೋಡಿದರು. "ಬೆಳಕು ಚೆನ್ನಾಗಿ ಬಂದಿದೆ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಅವರೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದರು, "ಗುಬ್ಬಿ, ಚೀಟಿ ಕಟ್ಟಿದ್ದನ್ನೆಲ್ಲ ಎಲ್ಲಿಟ್ಟಿದ್ದೀರಿ?"

ಎಲ್ಲೋ ಜೋಪಾನವಾಗಿ ಎತ್ತಿಟ್ಟಿದ್ದೇವೆ ಅಂತಲೇ ಅವರು ತಿಳಿದಿದ್ದರು ಕಡ್ಡಿ. ನಮ್ಮ ಬಗ್ಗೆ ಅವರಿಗೆ ಬೇರೆ ಯೋಚನೆಯೇ ಬರಲಿಲ್ಲ.

"ಚೀಟಿನಾ? ನಾನು ನೋಡ್ಲಿಲ್ಲ ಅಣ್ಣ" ಅಂದೆ.

ನನ್ನ ಮುಖವನ್ನೇ ಸ್ವಲ್ಪ ನೋಡಿ, ಕುಡಿಯಲು ನೀರು ಕೇಳಿದರು.

ಮರುದಿನ ಬೇಕರಿಯವನ ವ್ಯಾನಿನಲ್ಲಿ ಕಸದ ಗುಡ್ಡೆಗೆ ಹೋದರಂತೆ. ತಾಮ್ರದ ತಂತಿಗಾಗಿ ಎಲ್ಲವನ್ನೂ ಆಗಲೇ ಒಡೆದು ಒಯ್ದಿದ್ದರು. ಬರಿಗೈಯಲ್ಲಿ ಬಂದರು. ಆಮೇಲೆ ಶುರುವಾಯಿತು ನೋಡು. ಆ ಕಾಲಿಟ್ಟುಕೊಂಡು ಒಂದೊಂದೇ ಮನೆಗೆ ಹೋಗಿ, "ನಿಮ್ಮ ಸಾಮಾನು ನನ್ನ ಕೈಯಿಂದ ಕಳೆದುಹೋಯ್ತು" ಅಂತ ಹೇಳಿ ಬರುತ್ತಿದ್ದಾರೆ. ನಮ್ಮ ಹೆಸರು ಎತ್ತುವುದಿಲ್ಲ. ಯಾಕೆ ಅಂತ ಬೇಕರಿಯವನು ಕೇಳಿದ್ದಕ್ಕೆ, "ಆರು ವಾರ ಊಟ ಹೊತ್ತು ತಂದವರನ್ನ ಹೇಗಪ್ಪಾ ದೂರ್ಲಿ?" ಅಂದರಂತೆ.

ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಅಣ್ಣ ದರ್ಜಿಯ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ರವಿಕೆ ಅಳತೆ ನೋಡಲು ಪರದೆಯ ಹಿಂದೆ ಹೋಗಿದ್ದೆ. ಒಂದು ತೋಳು ಹಾಕಿದ್ದೆ, ಅದರ ತುಂಬ ಗುಂಡುಸೂಜಿ. ಅಣ್ಣನ ದನಿ ಕೇಳಿಸಿತು. ದರ್ಜಿ ಕೂಗಿದ, "ಕಳೆದುಹೋಗೋಕೆ ಅದೇನು ಸೂಜಿನಾ? ಆಸ್ಪತ್ರೆ ಖರ್ಚಿಗೆ ಮಾರ್ಕೊಂಡೆ ಅನ್ನಿ, ಒಪ್ಕೋತೀನಿ. ಸುಳ್ಳು ಯಾಕೆ ಹೇಳ್ತೀರಿ?" ಅಣ್ಣ, "ತಪ್ಪು ನಂದೇ" ಅಂದರು. ಕೈ ಚಾಚಿದ್ದರೆ ಪರದೆ ಸರಿಯುತ್ತಿತ್ತು. ನಾನು ಕೋಲಿನ ಸದ್ದು ದೂರವಾಗುವವರೆಗೂ ಅಲ್ಲೇ ನಿಂತೆ. ಹೊರಗೆ ಬಂದಾಗ ದರ್ಜಿ, "ನಿಮ್ಮ ಬೀದಿಯೋರು ಅಷ್ಟೆಲ್ಲ ನೋಡ್ಕೊಂಡ್ರಿ. ಈ ಮನುಷ್ಯನ ಬುದ್ಧಿ ನೋಡಿ ಟೀಚರ್" ಅಂದ.

ನಾನು ಏನಂದೆ ಗೊತ್ತೇ? "ತೋಳು ಸ್ವಲ್ಪ ಬಿಗಿಯಾಯ್ತು" ಅಂದೆ.

ಆ ರೇಡಿಯೋ ದಿಬ್ಬದ ಮೇಲಿನ ಕುರ್ಚಿ ಹೆಣೆಯುವ ಅಜ್ಜನದು. ಕಣ್ಣು ಕಾಣದ ಮನುಷ್ಯ, ಹಗಲೆಲ್ಲ ಅದೇ ಜೊತೆ. ಈಗ ಅಣ್ಣ ದಿನಾ ನಾಲ್ಕು ಗಂಟೆಗೆ ದಿಬ್ಬ ಹತ್ತಿ ಹೋಗಿ ಅವರಿಗೆ ಪೇಪರ್ ಓದಿ ಬರುತ್ತಾರೆ. ನನ್ನ ಕಿಟಕಿಯ ಮುಂದೆಯೇ ಹೋಗುತ್ತಾರೆ. ಆ ಹೊತ್ತಿಗೆ ನಾನು ಕಿಟಕಿ ಮುಚ್ಚುತ್ತೇನೆ.

ಗುಬ್ಬಿ


ಜುಲೈ ೯

ಗುಬ್ಬಿ,

ನಿನ್ನ ಕಾಗದ ಬಂದ ದಿನ ನಿನಗೆ ಬೈದು ನಾಲ್ಕು ಪುಟ ಬರೆದೆ. ಕಳಿಸಲು ಆಗಲಿಲ್ಲ. ಬೈಯಲು ನನಗೆ ಯಾವ ಮುಖವಿದೆ?

ಅಣ್ಣನ ಕಾರ್ಡಿನಲ್ಲಿ ಎರಡೇ ಸಾಲು ಇತ್ತು ಅಂತ ಬರೆದಿದ್ದೆನಲ್ಲ, ಮೂರನೆಯದೂ ಇತ್ತು. 'ಮನೆ ಖಾಲಿ ಮಾಡುವಾಗ ನಿನ್ನನ್ನು ಕೇಳಿದ್ದರಾ?' ಅಂತ. ನಾನು ಉತ್ತರ ಬರೆದೆ: 'ಇಲ್ಲ ಅಣ್ಣ, ನನಗೇನೂ ಗೊತ್ತಿಲ್ಲ. ಗುಬ್ಬಿ ಯಾವಾಗಲೂ ಅವಸರದವಳು, ಅವಳದೇ ಕೆಲಸ ಇರಬೇಕು.' ಐವತ್ತು ವರ್ಷದ ಗೆಳೆತನವನ್ನು ಒಂದು ಕಾರ್ಡಿನಲ್ಲಿ ಮುಗಿಸಿ, ಅದೇ ವಾರ ನಿನಗೆ 'ಎಲ್ಲಿ ಹೋದೆ' ಅಂತ ಕೇಳಿದೆ.

ಇನ್ನೂ ಇದೆ. ಆ ಚೀಟಿಗಳು ನಿನಗೆ ಅವತ್ತು ಕಂಡವು. ನನಗೆ ಮೊದಲಿನಿಂದಲೂ ಗೊತ್ತು. ಚಿಕ್ಕಂದಿನಲ್ಲಿ ಅವನ ಅಕ್ಷರ ಯಾರಿಗೂ ತಿಳಿಯುವುದಿಲ್ಲ ಅಂತ ಚೀಟಿ ಬರೆದು ಕಟ್ಟುತ್ತಿದ್ದವಳೇ ನಾನು. ಆ ಕೋಣೆಯಲ್ಲಿದ್ದದ್ದು ನಮ್ಮದಲ್ಲ, ಊರಿನವರದು ಅಂತ ತಿಳಿದೇ 'ಎಲ್ಲವನ್ನೂ ಹಾಕು' ಅಂತ ಬರೆದೆ. ಒಂದು ಸಲವಾದರೂ ಆ ಕೋಣೆ ಖಾಲಿ ಕಾಣಬೇಕಿತ್ತು ನನಗೆ. ಯಾವಾಗಿನ ಸಿಟ್ಟೋ.

ನಿನ್ನೆ ಒಬ್ಬ ಹುಡುಗಿ ನೋಟೀಸ್ ಬೋರ್ಡಿನ ಮುಂದೆ ನಿಂತು ಕೇಳಿದಳು, "ಮೇಡಂ, ಈ ಮನೆ ಯಾರ್ದು?" ಅಂತ. "ಯಾರೋ ಗೊತ್ತಿರೋರ್ದು" ಅಂದೆ.

ನೀನು ಬೀದಿಯವರಿಗೆ ಹೇಳಲೇಬೇಕು ಗುಬ್ಬಿ. ಎಲ್ಲರ ಮುಂದೆ. ಹೇಳುವಾಗ ನನ್ನ ಹೂಂ ಅನ್ನೂ ಸೇರಿಸಿ ಹೇಳು. ಅಣ್ಣನಿಗೆ ನಾನೇ ಬರೆಯುತ್ತೇನೆ.

ಕಡ್ಡಿ


ಜುಲೈ ೨೮

ಕಡ್ಡಿ,

ಹೇಳಿದೆ. ಸುಲಭವಾಗಿ ಆಯಿತು ಅಂತ ತಿಳಿಯಬೇಡ.

ಬೇಕರಿಯ ಹಿಂದಿನ ಉಗ್ರಾಣದಲ್ಲಿ ಸಭೆ. ಹಿಟ್ಟಿನ ಮೂಟೆಗಳ ಮೇಲೆ ಹನ್ನೊಂದು ಜನ ಕೂತಿದ್ದರು. ಫಲಕವನ್ನು ಬೀದಿಯ ಮೊದಲಿಗೆ ಹಾಕುವುದೋ ಕೊನೆಗೋ ಅನ್ನುವುದು ವಿಷಯ. ನಾನು ಎದ್ದು ನಿಂತು, ಚೀಟಿ ಓದಿದ್ದನ್ನು, ಸುಳ್ಳು ಹೇಳಿದ್ದನ್ನು, ಪರದೆಯ ಹಿಂದೆ ನಿಂತದ್ದನ್ನು, ನಿನ್ನ ಒಪ್ಪಿಗೆಯನ್ನು, ಎಲ್ಲವನ್ನೂ ಹೇಳಿದೆ.

ಕಂಡಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಬಹುಮಾನ ಬಂದ ಮೇಲೆ ಈಗ್ಯಾಕೆ ಟೀಚರ್ ಇದೆಲ್ಲ? ನಾವೆಲ್ಲ ಸೇರಿ ಮಾಡಿದ್ದು. ಹಾಗಾದ್ರೆ ನಾವೆಲ್ಲ ಕಳ್ಳರಾ?"

ಬೇಕರಿಯವನು ನೆಲ ನೋಡುತ್ತಾ, "ನಾನೂ ಓದಿದ್ದೆ. ಓದಿ ಸುಮ್ನಾದೆ" ಅಂದ.

ಆಮೇಲೆ ಮೂಲೆಮನೆಯ ಅತ್ತೆ ಬಾಯಿಬಿಟ್ಟರು. "ನಾನೊಂದು ಇಸ್ತ್ರಿ ಪೆಟ್ಟಿಗೆ ಎಸೆದೆ. ಅದು ನಂದೇ. ನಾನೇ ರಿಪೇರಿಗೆ ಕೊಟ್ಟಿದ್ದು. ಅದು ಹೋದ್ರೆ ಮಗ ಹೊಸದು ತಂದ್ಕೊಡ್ತಾನೆ ಅಂತ ಆಸೆ." ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು.

ದರ್ಜಿಯ ಅಂಗಡಿಗೆ ನನ್ನ ಜೊತೆ ಬಂದವರು ಮೂವರೇ. ಬೇಕರಿಯವನು, ಅತ್ತೆ, ಮತ್ತೆ, ನಂಬಿದರೆ ನಂಬು, ಕಂಡಕ್ಟರ್. ದಾರಿಯುದ್ದಕ್ಕೂ ಗೊಣಗುತ್ತಲೇ ಬಂದರು, ಆದರೆ ಬಂದರು. ದರ್ಜಿ ಮೊದಲು ನನ್ನ ಮೇಲೆ ಹಾರಾಡಿದ. ಆಮೇಲೆ ತಾನು ಅಣ್ಣನಿಗೆ ಆಡಿದ ಮಾತು ನೆನಪಾಯಿತೇನೋ, ಕುರ್ಚಿಯ ಮೇಲೆ ಕುಸಿದ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ನಮ್ಮ ಹಿಂದೆ ನಿಮ್ಮ ಮನೆಗೆ ಬಂದ.

ದರ್ಜಿಗೆ ನಿಜ ಹೇಳಿದ್ದು ಕೇಳಿ ಅಣ್ಣ ಹಗುರಾಗುತ್ತಾರೆ ಅಂತ ನಾನು ಎಣಿಸಿದ್ದೆ. ಕಡ್ಡಿ, ಅವರಿಗೆ ಸಿಟ್ಟು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗೋಡೆ ಹಿಡಿದು ಎದ್ದು ನಿಂತರು. ದನಿ ಏರಿಸಲಿಲ್ಲ.

"ಮನೆ ಖಾಲಿ ಮಾಡೋವಾಗ ನನ್ನನ್ನ ಕೇಳ್ಲಿಲ್ಲ. ಆಸ್ಪತ್ರೆಗೆ ದಿನಾ ಬರ್ತಿದ್ರಿ, ಒಂದು ಮಾತು ಕೇಳ್ಬಹುದಿತ್ತು. ಕಳೆದುಹೋಯ್ತು ಅಂತ ನಾನು ನಾಲ್ಕು ಜನಕ್ಕೆ ಹೇಳಿದ್ದೆ. ಈಗ ಅದನ್ನೂ ನನ್ನನ್ನ ಕೇಳದೇ ಸುಳ್ಳು ಮಾಡಿ ಬಂದ್ರಿ. ನನಗೆ ಒಳ್ಳೇದು ಮಾಡೋ ಮುಂಚೆ ನನ್ನನ್ನ ಕೇಳೋದು ಅಷ್ಟು ಕಷ್ಟನಾ?"

ದರ್ಜಿ ಕೈ ಮುಗಿದು ಹೋಗಿಬಿಟ್ಟ. ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ನಾನು ಆ ಕೆಂಪು ನೆಲದ ಮೇಲೆ ಕೂತೆ.

"ಈಗ ಕೇಳ್ತೀನಿ ಅಣ್ಣ. ನಾನು ಏನು ಮಾಡ್ಲಿ?"

ಅವರು ಕೂತು ಕಾಲು ನೀವಿಕೊಂಡರು. "ಆ ದಿಬ್ಬ ಹತ್ತೋಕೆ ಆಗ್ತಿಲ್ಲ ಗುಬ್ಬಿ. ನಾಳೆಯಿಂದ ಅಜ್ಜನಿಗೆ ನೀನು ಪೇಪರ್ ಓದು."

"ಅವರಿಗೆ ನಿಜ ಹೇಳ್ಲಾ, ಬೇಡ್ವಾ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ?" ಅಂದರು.

ಫಲಕ ಇನ್ನೂ ಉಗ್ರಾಣದಲ್ಲೇ ಇದೆ. ಅದರ ಮಾತು ಯಾರೂ ಎತ್ತುತ್ತಿಲ್ಲ.

ಗುಬ್ಬಿ


ಆಗಸ್ಟ್ ೮

ಗುಬ್ಬಿ,

ಫೋಟೋ ತೆಗೆದೆ. ಆ ಹುಡುಗಿಯನ್ನು ಕರೆದು, ಅದು ನನ್ನ ಅಣ್ಣನ ಮನೆ, ನನ್ನ ಮಾತಿನಿಂದಲೇ ಹೀಗಾಯಿತು ಅಂತ ಹೇಳಿದೆ. ಅವಳು ಕಕ್ಕಾಬಿಕ್ಕಿಯಾಗಿ "ಆಯ್ತು ಮೇಡಂ" ಅಂತ ಓಡಿದಳು. ಈಗ ಇಡೀ ಹಾಸ್ಟೆಲಿಗೆ ಗೊತ್ತು. ಗೊತ್ತಾಗಲಿ.

ಅಣ್ಣನಿಗೂ ಬರೆದಿದ್ದೆ. ಅವನ ಉತ್ತರ ಬಂತು. 'ನೀನು ಒಪ್ಪಿದ್ದೆ ಅಂತ ಮೊದಲೇ ಗೊತ್ತಿತ್ತು. ಗುಬ್ಬಿ ನಿನ್ನನ್ನು ಕೇಳದೆ ನಮ್ಮ ಮನೆಯ ಚೊಂಬನ್ನೂ ಜರುಗಿಸುವವಳಲ್ಲ. ನೀನು ಹಾಗೆ ಬರೆದದ್ದು ಓದಿ ನಿನಗಿಂತ ನನಗೇ ನಾಚಿಕೆಯಾಯಿತು.' ಅಷ್ಟು ಹೇಳಿ, ಬರುವಾಗ ಬೆಸುಗೆ ತಂತಿ ತಾ ಅಂದಿದ್ದಾನೆ. ಕೆಲಸ ಶುರು ಮಾಡುತ್ತಾನೆ ಅಂತ ಕಾಣುತ್ತದೆ. ನಾನು ಇಪ್ಪತ್ತೈದಕ್ಕೆ ಬರುತ್ತೇನೆ. ಅವನ ಮುಂದೆ ಹೇಗೆ ನಿಲ್ಲಬೇಕು ಅನ್ನುವುದು ಮಾತ್ರ ಇನ್ನೂ ಹೊಳೆದಿಲ್ಲ.

ಅಂಗಡಿಯಲ್ಲಿ ಮೂರು ಥರದ ತಂತಿ ಇದೆ. ಯಾವುದು ಬೇಕು ಅಂತ ಅವನನ್ನೇ ಕೇಳಿ ಬರೆ. ನಾನಾಗಿ ಆರಿಸಿ ತರುವುದಿಲ್ಲ.

ಕಡ್ಡಿ


ಆಗಸ್ಟ್ ೧೭

ಕಡ್ಡಿ,

ಕೇಳಿದೆ. ಎಲ್ಲಕ್ಕಿಂತ ಸಣ್ಣದು ಬೇಕಂತೆ. ದರ್ಜಿ ಬೇರೊಂದು ಮೋಟರ್ ತಂದುಕೊಟ್ಟಿದ್ದಾನೆ, ಅದೂ ಕೆಟ್ಟದ್ದೇ. ಅಣ್ಣ ತೆಗೆದುಕೊಂಡರು. ನನ್ನೊಡನೆ ಇನ್ನೂ ಕೇಳಿದ್ದಕ್ಕಷ್ಟೇ ಮಾತು. ಅದೇ ಸರಿ ಅನ್ನಿಸುತ್ತದೆ.

ಮೂರು ವಾರದಿಂದ ಅಜ್ಜನಿಗೆ ಪೇಪರ್ ಓದುತ್ತಿದ್ದೇನೆ. ಮೊದಲ ದಿನವೇ ಅವರು, "ಟೀಚರ್ ಅಲ್ವಾ ನೀವು? ನಿಲ್ಲಿಸಿ ನಿಲ್ಲಿಸಿ ಓದ್ತೀರಿ. ನಾನೇನೂ ಬರ್ಕೋತಿಲ್ಲಮ್ಮ" ಅಂದರು. ನಗು ಬಂತು. ನಗುತ್ತಿರುವಾಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಂದು ದಿನ ಅವರಿಗೆ ಕೆಮ್ಮು, ಒಂದು ದಿನ ಯಾರೋ ಕುರ್ಚಿ ಒಯ್ಯಲು ಬಂದರು, ಒಂದು ದಿನ ಅವರು ನನ್ನನ್ನು ಹೊಗಳಿದರು. ನೆಪಕ್ಕೇನು, ದಿನಾ ಒಂದು ಸಿಕ್ಕಿತು.

ನಿನ್ನೆ ಹೊಳೆಯ ಹಳೆ ಸೇತುವೆ ದುರಸ್ತಿಯ ಸುದ್ದಿ ಓದುತ್ತಿದ್ದೆ. ಅವರು ತೊಟ್ಟಿಯಿಂದ ನೆನೆಸಿದ ಬೆತ್ತ ತೆಗೆದು ಕುರ್ಚಿಯ ತೂತಿಗೆ ಪೋಣಿಸುತ್ತಾ, "ಈ ಸುದ್ದಿ ರೇಡಿಯೋದಲ್ಲೂ ಬಂದಿರತ್ತೆ. ಪಾಪ, ಅವನು ಎಲ್ಲಿ ಕಳ್ಕೊಂಡ್ನೋ" ಅಂದರು. ದೂರು ಇರಲಿಲ್ಲ ಆ ಮಾತಿನಲ್ಲಿ. ನಿನ್ನ ಅಣ್ಣನ ಬಗ್ಗೆ ಮರುಕ ಇತ್ತು.

"ಅವರು ಕಳ್ಕೊಂಡಿಲ್ಲ ಅಜ್ಜ" ಅಂದೆ. "ನಾನು ಎಸೆದೆ. ನಿಮ್ಮ ಚೀಟಿ ನೋಡಿದ್ದೆ. ನೋಡಿಯೂ ಎಸೆದೆ."

ಅವರ ಕೈ ನಿಂತಿತು. ಬೆತ್ತದಿಂದ ನೀರು ಅವರ ಮೊಣಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ನನ್ನ ಕಡೆಗೆ ಮುಖ ತಿರುಗಿಸಲಿಲ್ಲ. ಬೈಯುತ್ತಾರೆ ಅಂತ ಕಾದೆ, ಎದ್ದು ಹೋಗು ಅನ್ನುತ್ತಾರೆ ಅಂತ ಕಾದೆ. ಪೇಪರ್ ಮಡಿಸಿದೆ. ಆ ಸದ್ದಿಗೆ ಅವರು ತಲೆ ಎತ್ತಿದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಗ್ತಿತ್ತು."

"ಹೂಂ" ಅಂದರು. ಬೆರಳಿನಲ್ಲಿ ತಡಕಿ, ಬಿಟ್ಟಿದ್ದ ತೂತನ್ನು ಹುಡುಕಿಕೊಂಡರು. "ಸೇತುವೆ ವಿಷಯ ಅರ್ಧಕ್ಕೆ ನಿಲ್ಲಿಸಿದ್ರಿ. ಓದಿ."

ಓದಿದೆ ಕಡ್ಡಿ. ಕಣ್ಣು ಮಂಜಾಗಿ ಒಂದೇ ಸಾಲನ್ನು ಎರಡು ಸಲ ಓದಿದೆ. ಅವರು ತಿದ್ದಲಿಲ್ಲ.

ಗುಬ್ಬಿ